ಒತ್ತಪ್ಪನವರ ಕಣ್ಣಿಗೆ ಬೀಳದ ಪುಟ

ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡಚ್ಚು ತಿದ್ದಿ ನಿವೃತ್ತರಾದ ಆ ಮಹಾನುಭಾವರಿಗೆ ಜನ ಇಟ್ಟ ಹೆಸರು ಒತ್ತಪ್ಪ. ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ಸಾಕು, ಅದು ಸರಿಯಾಗುವವರೆಗೆ ಅಲ್ಲಿ ಒಂದು ಗುಂಡುಸೂಜಿಯನ್ನೂ ಕೊಳ್ಳುತ್ತಿರಲಿಲ್ಲ. ಈ ಅಡ್ಡಹೆಸರು ಬೀದಿಗೆಲ್ಲ ಗೊತ್ತಿತ್ತು; ಅವರೊಬ್ಬರ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ಬೀದಿಯ ಲೈಬ್ರರಿಯಲ್ಲಿ ಓದುವ ಪಂದ್ಯವೊಂದು ಶುರುವಾಯಿತು. ತಿಂಗಳಿಗೊಂದು ಐತಿಹಾಸಿಕ ಕಾದಂಬರಿ, ಒಂದು ಆತ್ಮಕಥೆ; ಯಾವುದು ಎಂಬುದು ಅವರವರ ಇಷ್ಟ. ಕೊನೆಯ ಭಾನುವಾರ ಎಲ್ಲರೂ ಕೂತು ಓದಿದ್ದನ್ನು ಹೇಳಬೇಕು. ವರ್ಷಪೂರ್ತಿ ತಪ್ಪದೆ ಓದಿದವರಲ್ಲಿ ಸಭೆ ಕೈ ಎತ್ತಿ ಆರಿಸಿದ ಒಬ್ಬರಿಗೆ ಮುಂದಿನ ವರ್ಷದ ಪುಸ್ತಕಗಳನ್ನು ಎಲ್ಲರ ಪರವಾಗಿ ಆರಿಸುವ ಅಧಿಕಾರ. ಅಧಿಕಾರ ಎಂದದ್ದೇ ತಡ, ಒತ್ತಪ್ಪನವರ ಬೆನ್ನು ನೆಟ್ಟಗಾಯಿತು. ಬದುಕಿನುದ್ದಕ್ಕೂ ಯಾರೋ ಆರಿಸಿ ಮೇಜಿನ ಮೇಲೆ ಎಸೆದದ್ದನ್ನೇ ಓದಿದ ಮನುಷ್ಯ. ಒಮ್ಮೆಯಾದರೂ ಎಲ್ಲರಿಗೂ ಆರಿಸುವವನಾಗಬೇಕು ಎಂಬ ಆಸೆ ಸಣ್ಣದಲ್ಲ.

ಹನ್ನೊಂದು ತಿಂಗಳು ಕಳೆಯುವ ಹೊತ್ತಿಗೆ, ಪಂದ್ಯಕ್ಕೆ ಇಳಿದಿದ್ದ ಬೀದಿಯವರಲ್ಲಿ ದಂತವೈದ್ಯರು ಸುಸ್ತಾಗಿದ್ದರು. ಸೈಕಲ್ ಅಂಗಡಿಯವರು ಒಂದೇ ವಂಶದಲ್ಲಿ ಒಂದೇ ಹೆಸರಿನ ಆರು ರಾಜರನ್ನು ಕಂಡು ಕೈಮುಗಿದಿದ್ದರು. ಕಣದಲ್ಲಿ ಉಳಿದವರು ಒತ್ತಪ್ಪ ಮತ್ತು ಅವರ ಹೆಂಡತಿ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಪುಸ್ತಕವನ್ನು ಮಧ್ಯದಲ್ಲಿ ತೆರೆಯುವರು. ಅಲ್ಲಿ ರಾಜ ಹಸಿದಿದ್ದರೆ ಅಥವಾ ಯಾರಾದರೂ ಜಗಳವಾಡುತ್ತಿದ್ದರೆ ಮನೆಗೆ ತರುವರು. ಗಂಡ ದಪ್ಪ ನೋಡಿ ತರುವರು, ದಪ್ಪವಿದ್ದಷ್ಟೂ ತಪ್ಪು ಹೆಚ್ಚು. ಯಾರು ತಂದರೂ ಇಬ್ಬರೂ ಓದುತ್ತಿದ್ದದ್ದು ಅದನ್ನೇ. ಓದು ಎಂದರೆ ಅವರಿಗೆ ಅಕ್ಷರಗಳ ತಪಾಸಣೆ. ಕತೆ ತಲೆಗೆ ಹೋಗುತ್ತಲೇ ಇರಲಿಲ್ಲ. ಕತೆ ಬೇಕಾದಾಗ ಊಟದ ಹೊತ್ತಿನಲ್ಲಿ ಗಾಳ ಹಾಕುತ್ತಿದ್ದರು.

“ಅಲ್ಲ ಕಣೇ, ಆ ರಾಣಿ ಕೊನೆಗೆ ಮಾಡಿದ್ದು ಸರೀನಾ?”

“ಯಾವ ರಾಣಿ? ದೊಡ್ಡೋಳಾ, ಚಿಕ್ಕೋಳಾ?”

“ಇಬ್ಬರದ್ದೂ ಹೇಳು.”

ಹನ್ನೆರಡನೆಯ ತಿಂಗಳು ಹೆಂಡತಿ ತಂದದ್ದು ಗಂಡ ದುಡಿದಿದ್ದ ಅಚ್ಚುಕೂಟದ ಯಜಮಾನರೇ ಬರೆದ ಆತ್ಮಕಥೆ. “ಈ ಸಲ ನನ್ನನ್ನ ಕೇಳ್ಬೇಡಿ ರೀ. ನಾನು ಬಾಯಿ ಬಿಡಲ್ಲ, ನೀವೇ ಓದಿ,” ಎಂದುಬಿಟ್ಟರು. ಒತ್ತಪ್ಪನವರು ಮೊದಲ ಪುಟದಿಂದ ಕೊನೆಯವರೆಗೆ ತಮ್ಮ ಹೆಸರಿಗಾಗಿ ಕಣ್ಣಾಡಿಸಿದರು. ಎಲ್ಲೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಪೆನ್ಸಿಲ್ ಹಿಡಿದು ಕೂತು ನಲವತ್ತೊಂದು ತಪ್ಪು ತಿದ್ದಿದರು.

ಭಾನುವಾರ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. “ಈ ಯಜಮಾನನಿಗೆ ಜೊತೆಗೆ ದುಡಿದವರ ನೆನಪೇ ಇಲ್ಲ. ಕೃತಘ್ನ. ಮೇಲಿಂದ ನಲವತ್ತೊಂದು ತಪ್ಪು.”

ಲೈಬ್ರರಿ ಮೇಡಂ ಪುಸ್ತಕ ತೆರೆದರು. “ಸರ್, ನೂರ ಹನ್ನೆರಡನೇ ಪುಟದಲ್ಲಿ ನಿಮ್ಮ ಪೆನ್ಸಿಲ್ ಗುರುತಿದೆ. ಓದ್ಲಾ?”

“ಧಾರಾಳವಾಗಿ!”

“‘ನಮ್ಮಲ್ಲಿ ಕರಡು ತಿದ್ದುವವನೊಬ್ಬನಿದ್ದ. ಬೆನ್ನ ಹಿಂದೆ ಅವನನ್ನು ಒತ್ತಪ್ಪ ಎನ್ನುತ್ತಿದ್ದೆವು. ತನ್ನ ಮದುವೆಯ ಕಾಗದವನ್ನು ಮೂರು ಸಲ ತಿದ್ದಿದ. ಇನ್ನೂರು ಪ್ರತಿ ಅಚ್ಚಾಗಿ ಹಂಚಿಯೂ ಆಯಿತು. ಅದರಲ್ಲಿ ಮದುಮಗನ ಹೆಸರೇ ಬಿಟು ಹೋಗಿತ್ತು.’ ಇಲ್ಲಿ ‘ಬಿಟು’ ಅಂತ ಅಚ್ಚಾಗಿದೆ ಸರ್. ನೀವು ಒತ್ತು ಹಾಕಿ ‘ಬಿಟ್ಟು’ ಮಾಡಿದ್ದೀರಿ.”

ದಂತವೈದ್ಯರು ತಮ್ಮ ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕರು.

“ಯಾರ್ರೀ ಅದು ಒತ್ತಪ್ಪ?” ಎಂದು ಕೇಳಿದರು ಒತ್ತಪ್ಪ. ಸೈಕಲ್ ಅಂಗಡಿಯವರು ಫ್ಯಾನ್ ನೋಡತೊಡಗಿದರು. ಒತ್ತಪ್ಪನವರು ಹೆಂಡತಿಯತ್ತ ತಿರುಗಿದರು.

“ಹಾಗೇಕೆ ನೋಡ್ತೀರಿ? ನಮ್ಮ ಸೋದರತ್ತೆ ಆ ಕಾಗದ ಓದಿ, ‘ಗಂಡು ಗೊತ್ತಾದ್ಮೇಲೆ ಬರ್ತೀನಿ’ ಅಂತ ಮದುವೆಗೇ ಬರಲಿಲ್ಲ. ಮರೆತೇಬಿಟ್ರಾ?”

ಒತ್ತಪ್ಪನವರಿಗೆ ಎಲ್ಲವೂ ನೆನಪಾಯಿತು, ಒಂದೇ ಏಟಿಗೆ. ಅಷ್ಟರಲ್ಲಿ ಮೇಡಂ ಕೈ ಎತ್ತಿಸಿದರು. ಹೆಂಡತಿಯ ಪರವಾಗಿ ಉಳಿದವರೆಲ್ಲರ ಕೈಗಳೂ ಮೇಲೆದ್ದವು; ದಂತವೈದ್ಯರದು ಎರಡೂ. ಒತ್ತಪ್ಪನವರ ಪರವಾಗಿ ಎದ್ದದ್ದು ಒಂದೇ ಕೈ, ಅದೂ ಅವರ ಹೆಂಡತಿಯದು. ಗಂಡ ಎಂದಮೇಲೆ ಅಷ್ಟಾದರೂ ಬೇಡವೇ?

“ಹೊಸ ವರ್ಷದ ಮೊದಲ ಆತ್ಮಕಥೆ ಇದೇ,” ಎಂದು ಆಕೆ ಸಾರಿದರು. “ಎಲ್ರೂ ಓದ್ಬೇಕು.”

“ಇದು ಆತ್ಮಕಥೇನೇ ಅಲ್ಲ!” ಒತ್ತಪ್ಪನವರು ಮೇಜು ಗುದ್ದಿದರು. “ಪೂರ್ತಿ ಕಟ್ಟುಕತೆ! ಐತಿಹಾಸಿಕ ಕಾದಂಬರಿ ಸಾಲಿಗೆ ಹಾಕಿ!”

“ಹಾಕೋಣ ಬಿಡಿ,” ಎಂದರು ಹೆಂಡತಿ. “ಆದ್ರೆ ಕಾದಂಬರಿ ಅಂದ್ಮೇಲೆ ಅದಕ್ಕೊಬ್ಬ ನಾಯಕ ಬೇಕಾಗ್ತಾನಲ್ಲ. ಒತ್ತಪ್ಪನ್ನ ಮಾಡೋಣ್ವಾ?”

ಒತ್ತಪ್ಪನವರು ಮೆಲ್ಲಗೆ ಕೂತರು. ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ನೂರ ಹನ್ನೆರಡನೆಯ ಪುಟವನ್ನು ಮೊಟ್ಟಮೊದಲ ಬಾರಿಗೆ ಓದಿದರು. ಹಾಳೆ ತಿರುಗಿಸಿ ಇನ್ನೊಂದಷ್ಟು ಓದಿದರು. ಕೊನೆಗೆ ಹೆಂಡತಿಯ ಕಿವಿಯ ಹತ್ತಿರ ಬಾಗಿ ಕೇಳಿದರು:

“ಇವನ ವಿಷಯ ಇಷ್ಟೇನಾ? ಮುಂದೆ ಎಲ್ಲಾದ್ರೂ ಮತ್ತೆ ಬರ್ತಾನಾ?”