ಖಾಲಿ ಹಿಂದಿರುಗದ ಡಬ್ಬಿ

ನನ್ನ ಗಂಡನಿಗೆ ಯಾರ ಜಗಳದಲ್ಲೂ ಒಂದು ಪಕ್ಷ ಹಿಡಿದು ಅಭ್ಯಾಸವಿಲ್ಲ. ಇಲ್ಲಿನ ನಮ್ಮ ಕನ್ನಡದವರ ಗುಂಪು ಒಡೆದು ಎರಡಾದಾಗ, ಇಬ್ಬರ ಗಣೇಶನಿಗೂ ಕೈಮುಗಿದು ಇಬ್ಬರ ಕಡುಬೂ ತಿಂದು ಬಂದ ಮಹಾನುಭಾವರು ಅವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ. ನೀವ್ಯಾವ ಕಡೆ ಅಂತ ಹೇಳ್ಬಿಡ್ರೀ!"

"ನಾನು ಊಟದ ಕಡೆ ಕಣೇ" ಎನ್ನುತ್ತಿದ್ದರು.

ಪಕ್ಕದ ಅಪಾರ್ಟ್‌ಮೆಂಟಿನ ಅಜ್ಜಿ ಈ ವಿಷಯದಲ್ಲಿ ಸದಾ ಅವರ ಪರ. ಅಜ್ಜಿಯ ದೇಶ ಫಿನ್‌ಲ್ಯಾಂಡ್. ಇಲ್ಲಿನವರೊಬ್ಬರನ್ನು ಮದುವೆಯಾಗಿ ಅಮೆರಿಕದ ಈ ವಾಲ್ನಟ್ ಕ್ರೀಕ್‌ಗೆ ಬಂದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. 'ಅಜ್ಜಿ' ಎಂದು ಕರೆಯುವುದನ್ನು ನಾನೇ ಅಭ್ಯಾಸ ಮಾಡಿದ್ದೆ, ಅವರಿಗೂ ಅದು ಹಿಡಿಸಿತ್ತು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷು, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ.

"ನಿನ್ನ ಗಂಡನನ್ನು ನಮ್ಮ ವಿದೇಶಾಂಗ ಮಂತ್ರಿ ಮಾಡಬಹುದಿತ್ತು" ಎಂದು ನಗುತ್ತಿದ್ದರು. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಅಮೆರಿಕದ ಕೂಟ. ನಡುವೆ ಅವರದು ಚಿಕ್ಕ ದೇಶ. ಅಷ್ಟು ವರ್ಷ ಯಾರ ಬಣಕ್ಕೂ ಸೇರದೆ, ಪತ್ರಿಕೆಯಲ್ಲಿ ಬರೆಯುವ ಒಂದೊಂದು ಮಾತನ್ನೂ ತೂಗಿ ಬದುಕಿದೆವು ಎಂದು ಹೇಳುತ್ತಿದ್ದರು. "ದೊಡ್ಡವರ ಮನೆ ಪಕ್ಕದಲ್ಲಿರುವವನು ರೇಡಿಯೋ ಜೋರಾಗಿ ಹಾಕಬಾರದು ಅನ್ನುತ್ತಿದ್ದರು ನಮ್ಮಪ್ಪ."

ನಾನು ಬಿಡುತ್ತೇನೆಯೇ? ನಮ್ಮ ಅಲಿಪ್ತ ನೀತಿಯನ್ನು ಹೈಸ್ಕೂಲಿನಲ್ಲಿ ಉರು ಹೊಡೆದವಳು. "ನಮ್ಮ ದೇಶ ಇವತ್ತಿಗೂ ಇಬ್ಬರ ಹತ್ತಿರವೂ ಮಾತಾಡುತ್ತದೆ ಅಜ್ಜಿ, ಇಬ್ಬರೂ ನಮಗೆ ಬಾಗಿಲು ತೆಗೆಯುತ್ತಾರೆ" ಎಂದು ಜಂಬ ಕೊಚ್ಚುತ್ತಿದ್ದೆ. ಗಂಡ ಮಾಡಿದರೆ ಹೇಡಿತನ, ದೇಶ ಮಾಡಿದರೆ ಜಾಣತನ!

ನಮ್ಮ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕು ಎಂಬ ನಮ್ಮ ಪದ್ಧತಿಯನ್ನು ಒಮ್ಮೆ ಅವರಿಗೆ ಹೇಳಿದ್ದೆ. ಅಂದಿನಿಂದ ಚಿತ್ರಾನ್ನ ಹೋದ ಡಬ್ಬಿಯಲ್ಲಿ ಏಲಕ್ಕಿ ಹಾಕಿದ ಅವರ ಬ್ರೆಡ್ಡು ಬರುತ್ತಿತ್ತು. ಏಲಕ್ಕಿ ಅಷ್ಟು ದೂರದ ಹಿಮದ ನಾಡನ್ನು ಹೇಗೆ ಸೇರಿತೋ, ಕೇಳಬೇಕೆಂದುಕೊಂಡು ಮರೆತೇಬಿಟ್ಟೆ.

ಯುಕ್ರೇನಿನಲ್ಲಿ ಯುದ್ಧ ಶುರುವಾಯಿತು. ಹೆದರಿದ ಫಿನ್‌ಲ್ಯಾಂಡ್ ಕೊನೆಗೆ ಪಶ್ಚಿಮದ ಸೈನಿಕ ಕೂಟಕ್ಕೆ ಸೇರಿತು. ಆಫೀಸಿನಲ್ಲಿ ಸುದ್ದಿ ನೋಡಿ ನನಗೆ ಖುಷಿಯೋ ಖುಷಿ. ಸದ್ಯ, ಇನ್ನು ಅವರ ಮೇಲೆ ಯಾರೂ ಕೈ ಮಾಡಲಾರರು! ಒಳ್ಳೆಯ ಸುದ್ದಿ ಎಂದರೆ ಬಾಯಿ ಸಿಹಿ ಮಾಡಬೇಕಲ್ಲ. ಸಂಜೆ ಮನೆಗೆ ಬಂದವಳೇ ಕೊಬ್ಬರಿ ಮಿಠಾಯಿ ಮಾಡಿ, ಡಬ್ಬಿ ತುಂಬಿಸಿ ಕೊಟ್ಟು ಬಂದೆ. ಅಜ್ಜಿ ಥ್ಯಾಂಕ್ಸ್ ಹೇಳಿದರು, ಒಂದು ಚೂರನ್ನೂ ಬಾಯಿಗಿಡಲಿಲ್ಲ.

ಎರಡು ದಿನ ಬಿಟ್ಟು ಡಬ್ಬಿ ಹಿಂದಕ್ಕೆ ಬಂತು. ಮಿಠಾಯಿ ಹಾಗೇ ಇತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಅವ್ರಿಗೆ ಇದು ಸಿಹಿ ಸುದ್ದಿ ಅಲ್ವೇನೋ ಕಣೇ. ಹೋಗಿ ಕೇಳು" ಎಂದರು ಗಂಡ. ಕೇಳಲೆಂದು ಜಗಳದ ಮುಖ ಹೊತ್ತೇ ಹೋದೆ.

ಅಜ್ಜಿ ಹುಟ್ಟಿದ ಊರು ಈಗ ರಷ್ಯಾದಲ್ಲಿದೆಯಂತೆ. ಅವರು ಚಿಕ್ಕವರಿದ್ದಾಗ ರಷ್ಯಾದೊಡನೆ ನಡೆದ ಯುದ್ಧದಲ್ಲಿ ದೇಶ ಸೋತು, ಇದ್ದಬದ್ದದ್ದನ್ನು ಗಾಡಿಗೆ ಹೇರಿಕೊಂಡು ಊರಿಗೆ ಊರೇ ಗಡಿಯ ಈಚೆಗೆ ಬಂತು. ಬರುವ ಸ್ವಲ್ಪ ಮುಂಚೆ ಜ್ವರದಲ್ಲಿ ಹೋದ ತಮ್ಮನನ್ನು, ಇನ್ನೂ ನಡೆಯಲು ಕಲಿಯದ ಕೂಸನ್ನು, ಅಲ್ಲೇ ಮಣ್ಣು ಮಾಡಿ ಬಂದಿದ್ದರು. ಎಷ್ಟೋ ವರ್ಷ ಗಡಿ ಮುಚ್ಚಿತ್ತು. ತೆರೆದ ಮೇಲೆ ಅಮ್ಮ ಒಮ್ಮೆ ಹೋಗಿ ಬಂದರು, ಸಾಯುವಾಗ ಮಗಳಿಂದ ಮಾತು ತೆಗೆದುಕೊಂಡರು: ಮಗುವಿನ ದೀಪ ತಪ್ಪಿಸಬೇಡ. ಅಜ್ಜಿ ಫಿನ್‌ಲ್ಯಾಂಡಿಗೆ ಹೋದಾಗಲೆಲ್ಲ ಬಸ್ಸಿನಲ್ಲಿ ಗಡಿ ದಾಟಿ, ಆ ಸಮಾಧಿಗೆ ಮೇಣದ ಬತ್ತಿ ಹಚ್ಚಿ ಬರುತ್ತಿದ್ದರು.

"ಕೂಟಕ್ಕೆ ಸೇರಿದ್ದು ತಪ್ಪು ಅನ್ನಲ್ಲ. ನಾನು ಅಲ್ಲಿದ್ದಿದ್ದರೆ ನಾನೂ ಹೂಂ ಅನ್ನುತ್ತಿದ್ದೆ" ಎಂದರು. "ಆದರೆ ಗಡಿಯ ಆ ಬಾಗಿಲು ಇನ್ನು ಉಳಿಯುವುದಿಲ್ಲ. ಅದಕ್ಕೆ ಸಿಹಿ ಹೇಗೆ ತಿನ್ನಲಿ?"

ಅವರು ಹೇಳಿದಂತೆಯೇ ಆಯಿತು. ಆ ವರ್ಷ ಮುಗಿಯುವುದರೊಳಗೆ ಗಡಿಯ ರಸ್ತೆಗಳನ್ನೆಲ್ಲ ಮುಚ್ಚಿದರು. ಬೇರೆ ದೇಶಗಳ ಮೇಲೆ ಸುತ್ತಿಕೊಂಡು ಹೋಗುವ ದಾರಿ ಇದ್ದೀತು, ಎಂಬತ್ತು ದಾಟಿದ ಅವರ ಮೊಣಕಾಲಿಗಲ್ಲ. ನಾನು ಸಾರು, ಪಲ್ಯ ಕೊಡುತ್ತಲೇ ಇದ್ದೆ. ಕೊಡುವುದಕ್ಕೆ ನನ್ನ ಹತ್ತಿರ ಬೇರೇನಿತ್ತು?

ಮುಂದಿನ ಚಳಿಗಾಲದಲ್ಲಿ ಒಂದು ಸಂಜೆ ಅಜ್ಜಿಯೇ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮುಚ್ಚಳ ತೆಗೆದರೆ ಒಳಗೆ ಗಿಡ್ಡನೆಯ, ದಪ್ಪನೆಯ ಬಿಳಿ ಮೇಣದ ಬತ್ತಿ.

"ನಿಮ್ಮ ದೇಶಕ್ಕೆ ಇಬ್ಬರೂ ಬಾಗಿಲು ತೆಗೆಯುತ್ತಾರೆ ಅಂದಿದ್ದೆಯಲ್ಲ" ಎಂದರು. "ಊರಿಗೆ ಹೋಗುವಾಗ ಆ ಕಡೆ ಒಂದು ಸಲ ಹೋಗಿ ಬರುತ್ತೀಯಾ? ಜಾಗ ನಾನು ಹೇಳುತ್ತೇನೆ. ಚರ್ಚಿನ ಹಿಂದೆ, ಬಿಳಿ ತೊಗಟೆಯ ಭೂರ್ಜ ಮರದ ಕೆಳಗೆ."

ಅದೇ ವರ್ಷದ ಬೇಸಿಗೆಯಲ್ಲಿ ನಾವಿಬ್ಬರೂ ಕೈ ಎತ್ತಿ ಪ್ರಮಾಣ ಮಾಡಿ ಇಲ್ಲಿಯ ಪ್ರಜೆಗಳಾಗಿದ್ದೆವು. ಈಗ ನಮ್ಮದೂ ಅಮೆರಿಕದ ಪಾಸ್‌ಪೋರ್ಟು, ರಷ್ಯಾಕ್ಕೆ ಕಾಲಿಡಬೇಡಿ ಎಂದು ಸರ್ಕಾರ ಹೇಳುವುದು ನಮಗೇ. ಗಂಡನ ಕಡೆ ನೋಡಿದೆ. ಯಾರಿಗೂ ಇಲ್ಲ ಎನ್ನದ ಮನುಷ್ಯ ನೆಲ ನೋಡುತ್ತಾ ನಿಂತಿದ್ದರು. ನಾವೀಗ ಅಮೆರಿಕದವರು ಎಂದು ಕೊನೆಗೆ ನಾನೇ ಹೇಳಿದೆ.

"ಓ" ಎಂದರು ಅಜ್ಜಿ. ನನ್ನ ಕೆನ್ನೆ ತಟ್ಟಿದರು. "ಹಾಗಾದರೆ ನೀನೂ ಒಂದು ಕಡೆ ಸೇರಿಬಿಟ್ಟೆ."

ನಾನು ಬತ್ತಿಯನ್ನು ತೆಗೆದು ಅವರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ಇರಲಿ" ಎಂದರು. "ಖಾಲಿ ಡಬ್ಬಿ ಕೊಡಬಾರದು ಅಂತ ನೀನೇ ಹೇಳಿಕೊಟ್ಟಿದ್ದು."