ಡೋರ್ಥೆಯ ಹೆಸರು

ಗ್ರೀನ್‌ಲ್ಯಾಂಡಿನ ನಮ್ಮ ಫಿಯೋರ್ಡಿನಲ್ಲಿ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನಲ್ಲಿ, ಅಣ್ಣ ಎನೋಕ್ ಪ್ರವಾಸಿಗರ ಬೋಟು ನಡೆಸುತ್ತಿದ್ದ. ನಾನು ಅದರಲ್ಲಿ ಕಾಫಿ, ಸೀಲ್ ಮಾಂಸದ ಸಾರು ಬಡಿಸುವವಳು. ದಾರಿಯಲ್ಲೊಂದು ಕೆಂಪು ಬಂಡೆ ಬರುತ್ತದೆ. ಅಲ್ಲಿ ಅವನು ಎಂಜಿನ್ ನಿಧಾನ ಮಾಡಿ ದುರ್ಬೀನು ಹಿಡಿಯುತ್ತಿದ್ದ. ತಮ್ಮ ಫೋಟೋಗಾಗಿ ನಿಧಾನ ಮಾಡಿದನೆಂದು ಪ್ರವಾಸಿಗರು ಹಿಗ್ಗುತ್ತಿದ್ದರು. ಅವನು ಹುಡುಕುತ್ತಿದ್ದದ್ದು ಮಗಳನ್ನು. ಮೂರು ವರ್ಷದ ಹಿಂದೆ ಒಬ್ಬಳೇ ಮೀನಿಗೆ ಹೋದ ಡೋರ್ಥೆಯ ದೋಣಿ ಆ ಬಂಡೆಯ ಬುಡದಲ್ಲಿ ಖಾಲಿಯಾಗಿ ಸಿಕ್ಕಿತ್ತು. ಅವಳು ಸಿಗಲಿಲ್ಲ.

ನಮ್ಮಲ್ಲಿ ಸತ್ತವರ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುತ್ತೇವೆ. ಹೆಸರಿನ ಜೊತೆ ಅವರೂ ವಾಪಸು ಬರುತ್ತಾರೆ. ಊರಿನ ಎರಡು ಮನೆಯವರು ಬಂದು ಡೋರ್ಥೆಯ ಹೆಸರು ಕೇಳಿದರು.

"ಬದುಕಿರೋಳ ಹೆಸರಿಗೆ ಯಾಕ್ರೀ ಕೈ ಚಾಚ್ತೀರಿ?" ಅಂತ ಅಣ್ಣ ಬಾಗಿಲಲ್ಲೇ ಗದರಿಸಿ ಕಳಿಸಿದ. ಮಹಾ ಹಠಮಾರಿ. ನನಗೆ ಸಿಟ್ಟು ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು.

ಆ ಆಗಸ್ಟಿನಲ್ಲಿ ನನ್ನ ಮಗಳು ಇವಾಲು ಪಟ್ಟಣದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತು, ಎಂಟನೆಯ ದಿನ ನಮ್ಮ ಬೋಟಿನಲ್ಲೇ ಊರಿಗೆ ಹೊರಟಳು. ಮಗು ಹುಟ್ಟಿದಾಗಿನಿಂದ ಒಂದೇ ಸಮನೆ ಅಳುತ್ತಿತ್ತು. ಕಾಯಿಲೆ ಏನೂ ಇಲ್ಲ ಅಂದಿದ್ದರು ಡಾಕ್ಟರು. ಹಾಗೆ ಅಳುವ ಕೂಸು ತನ್ನ ಹೆಸರು ಕೇಳುತ್ತಿದೆ, ತನ್ನಲ್ಲಿ ವಾಪಸು ಬಂದ ಸತ್ತವರ ಹೆಸರು ಕರೆದರೆ ಸುಮ್ಮನಾಗುತ್ತದೆ ಅನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಿಮಗಡ್ಡೆಗಳ ನಡುವೆ ಬೋಟು ಸಾಗುತ್ತಿದ್ದರೆ ಪ್ರವಾಸಿ ಮುದುಕನೊಬ್ಬ ಕಿವಿ ಮುಚ್ಚಿಕೊಂಡು ಕೂತಿದ್ದ.

ಕೆಂಪು ಬಂಡೆಯ ಹತ್ತಿರ ಬೋಟು ನಿಧಾನವಾಯಿತು. ಇವಾಲು ಮಗುವನ್ನೆತ್ತಿಕೊಂಡು ಚುಕ್ಕಾಣಿಯ ಕೋಣೆಗೆ ನುಗ್ಗಿದಳು.

"ಮಾವ, ನನ್ನ ಕೈಲಿ ಆಗಲ್ಲ. ಅವಳ ಹೆಸರು ಕೊಡು."

"ಹಸಿವಿರುತ್ತೆ, ಹಾಲು ಕುಡಿಸು ಹೋಗು."

"ಎಂಟು ದಿನದಿಂದ ಕುಡಿಸ್ತಾನೇ ಇದೀನಿ. ಇನ್ನು ನನ್ನ ಮೂಳೆ ಮಾತ್ರ ಉಳಿದಿರೋದು."

ನಾನೂ ಬಾಯಿ ಹಾಕಿದೆ. "ಅಣ್ಣಾ, ನಿನ್ನ ಹಠಕ್ಕೆ ಈ ಕೂಸು ಯಾಕೆ ಗಂಟಲು ಹರ್ಕೋಬೇಕು?"

ಅವನು ದುರ್ಬೀನು ಕುಕ್ಕಿದ. "ಸರಿ, ಕರೀತೀನಿ. ಅಳು ನಿಲ್ಲಲ್ಲ, ನೋಡ್ತಿರಿ. ನನ್ನ ಮಗಳು ಬದುಕಿದಾಳೆ. ಆಮೇಲೆ ಇಬ್ರೂ ಬಾಯಿ ಮುಚ್ಕೊಂಡಿರ್ಬೇಕು."

ಬಗ್ಗಿ, ಮಗುವಿನ ಕಿವಿಯ ಹತ್ತಿರ "ಡೋರ್ಥೆ" ಅಂದ.

ಮಗು ತಟ್ಟನೆ ಸುಮ್ಮನಾಯಿತು. ಕಣ್ಣು ಬಿಟ್ಟು ಅವನನ್ನೇ ನೋಡಿತು. ಇವಾಲು ನಕ್ಕೇಬಿಟ್ಟಳು, ಆಮೇಲೆ ಮಾವನ ಮುಖ ನೋಡಿ ತುಟಿ ಕಚ್ಚಿಕೊಂಡಳು. ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಹೊರಗೆ ಯಾರೋ ಹಿಮದ ನೀಲಿ ಬಣ್ಣ ಹೊಗಳುತ್ತಿದ್ದರು. ಯಾಕಾದರೂ ಬಾಯಿ ಹಾಕಿದೆನೋ ಅಂತ ನನ್ನ ಎದೆ ಒಡೆಯಿತು.

"ಅಳು," ಅಂದ ಎನೋಕ್. ಒರಟು ಬೆರಳಿನಿಂದ ಅದರ ಕೆನ್ನೆ ತಟ್ಟಿದ. "ಅಳು ಪುಟ್ಟಿ. ಒಂದೇ ಒಂದ್ಸಲ ಅಳು. ನಿನ್ನ ಕಾಲಿಗೆ ಬೀಳ್ತೀನಿ."

ಅದು ಅವನ ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು.