ಹುಡುಕಿದರೆ ಮೊದಲು ಸಿಗುವ ಖಾನಾವಳಿ

ಕಾರವಾರ, ಅಂಕೋಲೆಯ ಹೋಟೆಲಿನವರನ್ನು ಗೂಗಲ್ಲಿನಲ್ಲಿ ಮೇಲಕ್ಕೇರಿಸುವುದೇ ಸಂದೇಶನ ಕಸುಬು. ಚಹಾ ಕುಡಿಯಲು ಕೂತಲ್ಲೂ ಪಕ್ಕದವರನ್ನು ಬಿಡುವವನಲ್ಲ: "ಹಸಿವಾದ್ರೆ ಫೋನಲ್ಲಿ ಎಂತಾ ಅಂತ ಹುಡುಕ್ತೀರಿ, ಹೇಳಿ ಮಾರಾಯ್ರೆ!" ಅವರ ಬಾಯಿಂದ ಬಿದ್ದ ಮಾತನ್ನೇ ಗಿರಾಕಿ ಹೋಟೆಲಿನ ಗೂಗಲ್ ಪುಟದಲ್ಲಿ ಪೋಣಿಸುತ್ತಾನೆ. "ಶುಚಿರುಚಿಯಾದ ಭೋಜನ" ಎಂದು ಬರೆಸಲು ಬಂದವರನ್ನು, "ಹಸಿದವ ಹಾಗೆಲ್ಲ ಹುಡುಕೂದಿಲ್ಲ, 'ಹತ್ತಿರ ಮೀನೂಟ' ಅಂತ್ಲೇ ಹಾಕ್ವಾ" ಎಂದು ಗದರುತ್ತಾನೆ. ಹೊಸದೇನೂ ಬರೆಯದ ಪುಟ ಕೆಳಗಿಳಿಯುತ್ತದೆಂದು ಬೆಳಿಗ್ಗೆ ಬೈತಖೋಲ ಬಂದರಿಗೆ ಹೋಗಿ, ಬಂದ ಮೀನು ನೋಡಿಯೇ ಅಂದಿನ ಅಡುಗೆಯನ್ನು ಪುಟಕ್ಕೇರಿಸುತ್ತಾನೆ. ಅವನ ಕೈಯಲ್ಲೂ ಮೇಲೇರದವರು ಸುಂಕಸಾಳದ ರಾಮನಾಥರೊಬ್ಬರೇ. "ನಮ್ ಹೋಟೆಲ್ ಎಂತಕೆ ಯಾವಾಗ್ಲೂ ಎರಡನೇದು?" ಎಂದು ಅವರು ಕೇಳಿದರೆ ಮಾತನ್ನು ಅಂದಿನ ಮೀನಿನ ಕಡೆ ತಿರುಗಿಸುತ್ತಾನೆ. ಮೊದಲನೆಯದು ಯಾರದೆಂದು ಗೊತ್ತಿರುವ ರಾಮನಾಥರೂ ಹೆಚ್ಚು ಜಗ್ಗಾಡುವುದಿಲ್ಲ. ಅದು ಸಂದೇಶನ ಅಕ್ಕ ಕುಸುಮಳ ಖಾನಾವಳಿ. ಅವನು ಕಟ್ಟಿದ ಮೊದಲ ಪುಟ. ಹಾರ್ನ್ ಕೇಳಿಯೇ ಯಾವ ಲಾರಿಯವನೆಂದು ತಿಳಿದು ಬಾಳೆಲೆ ಹಾಸುತ್ತಿದ್ದವಳು ಆಕೆ. ಹೆದ್ದಾರಿ ಅಗಲವಾದಾಗ ಖಾನಾವಳಿ ಹೋಯಿತು, ಮರುವರ್ಷ ಅಕ್ಕನೂ ಹೋದಳು. ಆದರೂ ಬಂದರಿನಲ್ಲಿ ಒಳ್ಳೆಯ ಬಂಗಡೆ ಕಂಡ ದಿನ, "ಇಂದು ಜುಮ್ಮನಕಾಯಿ ಹಾಕಿದ ಬಂಗಡೆ ಸಾರು" ಎಂದು ಅವನು ಎಲ್ಲರಿಗಿಂತ ಮೊದಲು ಬರೆಯುವುದು ಅದೇ ಪುಟದಲ್ಲಿ. ಅದನ್ನು ಓದಿದ ದೂರದೂರಿನ ಲಾರಿಯವರು ಪುಟದಲ್ಲಿರುವ ಅವನ ನಂಬರಿಗೆ ಫೋನ್ ಮಾಡಿ "ಊಟ ಉಂಟಾ?" ಎನ್ನುತ್ತಾರೆ. ಅವನ ಉತ್ತರ ಎಂದೂ ಒಂದೇ: "ಅಕ್ಕ ಇವತ್ತು ಇಲ್ಲ. ಪಕ್ಕದ ರಾಮನಾಥರಲ್ಲಿ ಉಣ್ಣಿ. ನಾಳೆ ನೋಡ್ವಾ."